ಡ್ರಾ ಆದ ಪಂದ್ಯಕ್ಕೂ ನಡೆಗಳ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ರಾಷ್ಟ್ರೀಯ ಸೀನಿಯರ್ ಚೆಸ್ ಚಾಂಪಿಯನ್‌ಷಿಪ್ ನಡೆಯುವ ದಿನಗಳಲ್ಲಿ ಕ್ರೀಡಾಪುಟದ ಮೂಲೆಯಲ್ಲಿ ಬರುವ ಪುಟ್ಟ ವರದಿಯನ್ನು ಹುಡುಕಿ ಓದುವವರಲ್ಲಿ ನಾನೂ ಒಬ್ಬ. ಮೊದಲ ಸುತ್ತುಗಳಲ್ಲಿ ಶ್ರೇಯಾಂಕಿತರು ಕೆಳಗಿನವರನ್ನು ಮಣಿಸಿದ ಸುದ್ದಿ ಇರುತ್ತದೆ. ಕೊನೆಯ ಸುತ್ತುಗಳು ಹತ್ತಿರವಾದಂತೆ ಮೇಲಿನ ಬೋರ್ಡ್‌ಗಳ ಫಲಿತಾಂಶವೆಲ್ಲ ‘ಡ್ರಾ ಸಾಧಿಸಿದರು’, ‘ಪಾಯಿಂಟ್ ಹಂಚಿಕೊಂಡರು’ ಎಂಬ ಎರಡು ಮಾತುಗಳಲ್ಲಿ ಮುಗಿಯುತ್ತದೆ. ಇದನ್ನು ಓದಿದವರು, ಗೆದ್ದವರೂ ಇಲ್ಲದ ಸೋತವರೂ ಇಲ್ಲದ ಆಟವನ್ನು ಯಾರು ನೋಡಬೇಕು, ಡ್ರಾ ಎಂಬುದನ್ನೇ ತೆಗೆದುಹಾಕಬಾರದೇ ಎಂದು ಕೇಳುವುದುಂಟು. ಆ ಬೇಸರ ನನಗೂ ಇದೆ. ಆದರೆ ಎಲ್ಲ ಡ್ರಾಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

2018ರಲ್ಲಿ ಲಂಡನ್ನಿನಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾರ್ಲ್‌ಸನ್ ಮತ್ತು ಸವಾಲು ಹಾಕಿದ್ದ ಕರುವಾನ ನಡುವೆ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 12 ಕ್ಲಾಸಿಕಲ್ (ದೀರ್ಘ ಸಮಯದ) ಪಂದ್ಯಗಳೂ ಡ್ರಾ ಆದವು. ಅವುಗಳಲ್ಲಿ ಮೊದಲನೆಯದು 115 ನಡೆಗಳವರೆಗೆ ಬೆಳೆದು ಸುಮಾರು ಏಳು ತಾಸು ನಡೆಯಿತು. ಕರುವಾನ ಸೋಲಿನ ಅಂಚಿನಿಂದ ಪಾರಾಗಿ ಬಂದರು. ಕೊನೆಯದರಲ್ಲಿ ಕಪ್ಪುಕಾಯಿಗಳೊಂದಿಗೆ ಆಡುತ್ತಿದ್ದ ಕಾರ್ಲ್‌ಸನ್ ಮೇಲುಗೈ ಪಡೆದಿದ್ದರೂ, ಗಡಿಯಾರದಲ್ಲಿ ಅವರಿಗೇ ಹೆಚ್ಚು ಸಮಯ ಉಳಿದಿದ್ದರೂ, 31ನೇ ನಡೆಯಲ್ಲಿ ತಾವೇ ಡ್ರಾ ಮುಂದಿಟ್ಟರು. 30 ನಡೆಗಳಿಗೆ ಮುನ್ನ ಡ್ರಾಗೆ ಒಪ್ಪುವಂತಿಲ್ಲ ಎಂಬ ನಿಯಮ ಆ ಪಂದ್ಯಾವಳಿಯಲ್ಲಿ ಇತ್ತೆಂಬುದನ್ನು ಗಮನಿಸಿದರೆ ಆ 31ರ ಅರ್ಥ ತಾನಾಗಿ ತಿಳಿಯುತ್ತದೆ. ಅಂಕಪಟ್ಟಿಯಲ್ಲಿ ಮಾತ್ರ ಎರಡೂ ಪಂದ್ಯಗಳ ಮುಂದೆ ಅದೇ ಅರ್ಧರ್ಧ ಪಾಯಿಂಟ್.

ಹಾಗಾಗಿ ಕನಿಷ್ಠ ಇಷ್ಟು ನಡೆ ಆಡಲೇಬೇಕೆಂಬ ನಿಯಮದಿಂದ ಎಲ್ಲವೂ ಸರಿಹೋಗುತ್ತದೆ ಎಂದು ನಂಬುವುದು ನನಗೆ ಕಷ್ಟ. ಪರಸ್ಪರ ಒಪ್ಪಿ ಡ್ರಾ ಮಾಡಿಕೊಳ್ಳುವುದನ್ನು ನಿರ್ಬಂಧಿಸುವ ಅಧಿಕಾರವನ್ನು ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮಗಳೇ ಸಂಘಟಕರಿಗೆ ಕೊಟ್ಟಿವೆ, ನಿಜ. ಆದರೆ ಬೋರ್ಡ್ ಮೇಲೆ ಕಾಯಿಗಳ ಒಂದೇ ಸ್ಥಿತಿ ಮೂರು ಸಲ ಮರುಕಳಿಸಿದರೆ ಡ್ರಾ ಕೇಳುವ ಹಕ್ಕು ಬೇರೆಯೇ ಇದೆ, ಅದನ್ನು ಕಿತ್ತುಕೊಳ್ಳಲಾಗದು. ಬರ್ಲಿನ್ ಡಿಫೆನ್ಸ್ ಎಂಬ ಆರಂಭದ ಕ್ರಮದಲ್ಲಿ ಇದಕ್ಕೆಂದೇ ಹೆಸರಾದ ಒಂದು ಸರಣಿಯಿದೆ. ಹತ್ತು ನಡೆ ಮುಗಿಯುವಷ್ಟರಲ್ಲಿ ಬಿಳಿಯ ರಾಣಿ ಡಿ4 ಮನೆಯಲ್ಲೂ ಕಪ್ಪು ರಾಣಿ ಡಿ6ರಲ್ಲೂ ಎದುರುಬದುರಾಗಿ ನಿಂತಿರುತ್ತವೆ. ಬಿಳಿಯ ರಾಣಿ ಇ4ಕ್ಕೆ ಸರಿದು ಚೆಕ್ ಕೊಡುತ್ತದೆ, ಕಪ್ಪು ರಾಣಿ ಇ6ಕ್ಕೆ ಬಂದು ತಡೆಯುತ್ತದೆ. ಅದು ಡಿ4ಕ್ಕೆ ಮರಳುತ್ತದೆ, ಇದು ಡಿ6ಕ್ಕೆ ಮರಳುತ್ತದೆ. ಇನ್ನೊಮ್ಮೆ ಹಾಗೆಯೇ ಆಡಿದರೆ 14ನೇ ನಡೆಗೆ ಅದೇ ಸ್ಥಿತಿ ಮೂರನೇ ಸಲ ಬಂದಿರುತ್ತದೆ. ಇಬ್ಬರೂ ಹಾಳೆಗೆ ಸಹಿ ಹಾಕಿ ಎದ್ದು ಹೋಗಬಹುದು. ಒಬ್ಬರೊಡನೊಬ್ಬರು ಒಂದು ಮಾತನ್ನೂ ಆಡಿರುವುದಿಲ್ಲವಾದ್ದರಿಂದ ಯಾವ ಆರ್ಬಿಟರ್ (ಪಂದ್ಯದ ತೀರ್ಪುಗಾರ) ತಾನೇ ಏನು ಮಾಡಿಯಾರು?

ಫುಟ್‌ಬಾಲ್‌ನಂತೆ ಗೆಲುವಿಗೆ ಮೂರು, ಡ್ರಾಗೆ ಒಂದು ಪಾಯಿಂಟ್ ಕೊಡಿ ಎನ್ನುವವರಿದ್ದಾರೆ. 2008ರಲ್ಲಿ ಸ್ಪೇನಿನ ಬಿಲ್ಬಾವೊದ ಟೂರ್ನಿಯಲ್ಲಿ ಅದನ್ನು ಪ್ರಯೋಗಿಸಿಯೂ ಆಗಿದೆ. ಆ ಪದ್ಧತಿಯಲ್ಲಿ ಇಬ್ಬರು ಎರಡು ಪಂದ್ಯ ಡ್ರಾ ಮಾಡಿಕೊಳ್ಳುವುದಕ್ಕಿಂತ ಒಂದೊಂದು ಗೆಲುವನ್ನು ಬದಲಾಯಿಸಿಕೊಳ್ಳುವುದೇ ಲಾಭವಾಗುತ್ತದೆ. ಒಂದು ಕೆಟ್ಟ ಅಭ್ಯಾಸ ಬಿಡಿಸಲು ಹೋಗಿ ಅದಕ್ಕಿಂತ ಕೆಟ್ಟದ್ದನ್ನು ಕಲಿಸಿದಂತಾದೀತು. ನಾರ್ವೆ ಚೆಸ್‌ನಲ್ಲಿ ಡ್ರಾ ಆದೊಡನೆ ಆರ್ಮಗೆಡ್ಡನ್ (ಮತ್ತೆ ಡ್ರಾ ಆದರೆ ಕಪ್ಪಿಗೇ ಗೆಲುವೆಂದು ಎಣಿಸುವ ವೇಗದ ಪಂದ್ಯ) ಆಡಿಸುವ ಕ್ರಮವು ಕೆಲವೇ ಆಟಗಾರರ ಟೂರ್ನಿಗೆ ಹೊಂದುತ್ತದೆಯೇ ಹೊರತು, ಸಾಲು ಸಾಲು ಬೋರ್ಡ್‌ಗಳ ಸ್ವಿಸ್ ಟೂರ್ನಿಗೆ (ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಸಮ ಪಾಯಿಂಟ್‌ನವರನ್ನು ಎದುರುಬದುರು ಕೂರಿಸುವ ಟೂರ್ನಿ) ಅಲ್ಲ.

ಆಟಗಾರರನ್ನು ದೂರುವುದಕ್ಕೂ ನನಗೆ ಮನಸ್ಸಿಲ್ಲ. 11 ಸುತ್ತುಗಳ ಸ್ವಿಸ್ ಪದ್ಧತಿಯಲ್ಲಿ ಅರ್ಧ ಪಾಯಿಂಟ್ ಮುಂದಿರುವವನು ಕೊನೆಯ ದಿನ ಅಪಾಯವನ್ನು ಮೈಮೇಲೆ ಎಳೆದುಕೊಳ್ಳದಿದ್ದರೆ ಅದು ಹೇಡಿತನವಲ್ಲ, ಲೆಕ್ಕಾಚಾರ. ಲೆಕ್ಕಾಚಾರ ಬದಲಾಗಬೇಕಾದರೆ ಟೂರ್ನಿಯ ಕ್ರಮ ಬದಲಾಗಬೇಕು. 1962ರಲ್ಲಿ ಕೆರಿಬಿಯನ್ ದ್ವೀಪ ಕುರಸಾವ್‌ನಲ್ಲಿ ನಡೆದ, ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ಪೆಟ್ರೋಸಿಯಾನ್, ಕೆರೆಸ್, ಗೆಲ್ಲರ್ ಈ ಮೂವರು ತಮ್ಮ ತಮ್ಮೊಳಗಿನ 12 ಪಂದ್ಯಗಳನ್ನೂ ಡ್ರಾ ಮಾಡಿಕೊಂಡರು. ಅಲ್ಲೇ ಆಡಿದ್ದ ಅಮೆರಿಕದ ಫಿಷರ್ ಬಹಿರಂಗವಾಗಿ ಸಿಡಿದೆದ್ದ ಮೇಲೆ ಫಿಡೆ ಯಾರಿಗೂ ಬುದ್ಧಿ ಹೇಳುತ್ತ ಕೂರದೆ ಕ್ಯಾಂಡಿಡೇಟ್ಸ್ ಅನ್ನೇ ನಾಕೌಟ್ ಪಂದ್ಯಗಳಾಗಿ ಮಾರ್ಪಡಿಸಿತು.

ನಮ್ಮ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಅಷ್ಟು ದೊಡ್ಡ ಬದಲಾವಣೆ ಬೇಕಿಲ್ಲ. 2022ರಲ್ಲಿ ಕಾನ್ಪುರದಲ್ಲಿ ಅರ್ಜುನ್ ಎರಿಗೈಸಿ, ಗುಕೇಶ್, ಇನಿಯನ್ ಮೂವರೂ 8.5 ಪಾಯಿಂಟ್ ಗಳಿಸಿದ್ದರು. ಸಮ ಪಾಯಿಂಟ್‌ನವರಲ್ಲಿ ಯಾರು ಮುಂದೆಂದು ನಿರ್ಧರಿಸುವ ಟೈಬ್ರೇಕ್‌ನಲ್ಲಿ ಅರ್ಜುನ್ ಚಾಂಪಿಯನ್ ಆದರು. (1955ರಲ್ಲಿ ಏಲೂರಿನಲ್ಲಿ ನಡೆದ ಮೊಟ್ಟಮೊದಲ ಚಾಂಪಿಯನ್‌ಷಿಪ್‌ನ ಪಟ್ಟವನ್ನು ವೆಂಕಯ್ಯ ಮತ್ತು ಸಪ್ರೆ ಹಂಚಿಕೊಂಡಿದ್ದರು, ಆಗ ಅಷ್ಟು ಉದಾರತೆಯಿತ್ತು.) ಸ್ವಿಸ್ ಟೂರ್ನಿಗಳಲ್ಲಿ ಸಾಮಾನ್ಯವಾಗಿ ಬಳಸುವ ಟೈಬ್ರೇಕ್ ಎಂದರೆ ನಮ್ಮ ಎದುರಾಳಿಗಳು ಒಟ್ಟು ಎಷ್ಟು ಪಾಯಿಂಟ್ ಗಳಿಸಿದರೆಂಬುದರ ಮೊತ್ತ, ಅಂದರೆ ಬೇರೆಯವರ ಕೈಯಲ್ಲಿರುವ ಲೆಕ್ಕ. ಅದಕ್ಕೂ ಮೊದಲು ಯಾರು ಹೆಚ್ಚು ಪಂದ್ಯ ಗೆದ್ದರೆಂದು ನೋಡಬೇಕು ಎಂಬುದು ನನ್ನ ಸಲಹೆ. ಪಾಯಿಂಟ್ ಪದ್ಧತಿ ಇದ್ದಂತೆಯೇ ಇರಲಿ, ಡ್ರಾ ಕೂಡ ಇರಲಿ; ಸಮಬಲವಾದಾಗ ಮಾತ್ರ ಡ್ರಾಗಳ ಮೇಲೆ ಕುಳಿತವನು ಹಿಂದೆ ಸರಿಯಲಿ. ಇದೇನೂ ಹೊಸದಲ್ಲ. 2013ರ ಲಂಡನ್ ಕ್ಯಾಂಡಿಡೇಟ್ಸ್‌ನಲ್ಲಿ ಕಾರ್ಲ್‌ಸನ್ ಮತ್ತು ಕ್ರಾಮ್ನಿಕ್ ಇಬ್ಬರೂ 8.5 ಪಾಯಿಂಟ್‌ನಲ್ಲಿ ನಿಂತಾಗ, ಐದು ಪಂದ್ಯ ಗೆದ್ದಿದ್ದ ಕಾರ್ಲ್‌ಸನ್‌ಗೆ ನಾಲ್ಕು ಗೆದ್ದಿದ್ದ ಕ್ರಾಮ್ನಿಕ್‌ಗಿಂತ ಮೊದಲ ಸ್ಥಾನ ಸಿಕ್ಕಿತು. ಅದೇ ವರ್ಷ ಚೆನ್ನೈನಲ್ಲಿ ವಿಶ್ವ ಪಟ್ಟಕ್ಕಾಗಿ ಆನಂದ್ ಎದುರು ಬಂದು ಕುಳಿತವರು ಅವರೇ.

ಇನ್ನು ಪತ್ರಿಕೆಗೆ ಒಂದು ಕೋರಿಕೆ. ಕ್ರಿಕೆಟ್ ಡ್ರಾ ಆದರೆ ಯಾರು ಎಷ್ಟು ಓವರ್ ನಿಂತರೆಂದು ಬರೆಯುತ್ತೀರಿ. ಚೆಸ್ ಡ್ರಾ ಆದಾಗಲೂ ಎಷ್ಟು ನಡೆಗಳಲ್ಲಿ ಎಂಬ ಒಂದು ಅಂಕಿಯನ್ನು ಸೇರಿಸಿ. 14 ನಡೆಗಳ ಡ್ರಾ ಮತ್ತು 80 ನಡೆಗಳ ಡ್ರಾ ಅಕ್ಕಪಕ್ಕದಲ್ಲಿ ಅಚ್ಚಾದರೆ ಓದುಗರಿಗೂ ತಿಳಿಯುತ್ತದೆ, ಆಡಿದವರಿಗೂ ನಾಟುತ್ತದೆ. 2024ರಲ್ಲಿ ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗುಕೇಶ್ ಮತ್ತು ಡಿಂಗ್ ಆಡಿದ 14 ಪಂದ್ಯಗಳಲ್ಲಿ ಒಂಬತ್ತು ಡ್ರಾ ಆಗಿದ್ದವು. ಹತ್ತನೇ ಡ್ರಾ ಕೂಡ ಆಗುವಂತಿತ್ತು. ಕೊನೆಯ ಪಂದ್ಯದಲ್ಲಿ ಗುಕೇಶ್ ಬಳಿ ಒಂದು ಕಾಲಾಳು ಮಾತ್ರ ಹೆಚ್ಚಿತ್ತು, ಡ್ರಾ ಖಚಿತವೆಂದು ನೋಡುತ್ತಿದ್ದವರು ಅಂದುಕೊಂಡಿದ್ದರು. ಗುಕೇಶ್ ಒತ್ತುವುದನ್ನು ಬಿಡಲಿಲ್ಲ. 55ನೇ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಎಫ್2 ಮನೆಗೆ ಇಟ್ಟು ಎಡವಿದರು, 58ಕ್ಕೆ ಆಟ ಮುಗಿಯಿತು. ಈ ಅಂಕಿಗಳಿಲ್ಲದೆ ಆ ಪಂದ್ಯದ ವರದಿ ಪೂರ್ಣವಾಗುವುದಿಲ್ಲ ಎಂದಾದರೆ, ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಡ್ರಾಗಳಿಗೂ ಅಷ್ಟು ಜಾಗ ಮಾಡಿಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಚೆಸ್ ಪ್ರೇಮಿ, ಮೈಸೂರು