ಹಾಡು ಎರಡು ಸಾಲು, ಅಳು ಅರ್ಧ ಗಂಟೆ

ಸಂಪಾದಕರೇ,

ಟಿವಿಯ ಹಾಡಿನ ಸ್ಪರ್ಧೆಯ ಹೊಸ ಸೀಸನ್‌ಗೆ ನಮ್ಮ ವಿಜಯಪುರ ಜಿಲ್ಲೆಯ ಹುಡುಗ ಆಯ್ಕೆಯಾಗಿದ್ದಕ್ಕೆ ‘ಜಿಲ್ಲೆಗೆ ಹೆಮ್ಮೆ’ ಎಂದು ನೀವು ಸೋಮವಾರ ಫೋಟೊ ಸಮೇತ ವರದಿ ಹಾಕಿದ್ದೀರಿ. ಬರೆದವರು ಭಾನುವಾರ ರಾತ್ರಿಯ ಸಂಚಿಕೆ ನೋಡಿದ್ದಾರೋ ಇಲ್ಲವೋ ಗೊತ್ತಿಲ್ಲ. ನಾನು ನೋಡಿದ್ದೇನೆ. ಪೂರ್ತಿ ಅಲ್ಲ, ಕರೆಂಟ್ ಎಷ್ಟು ಹೊತ್ತು ಇತ್ತೋ ಅಷ್ಟು ಹೊತ್ತು.

ಹುಡುಗ ಹೇಗೆ ಹಾಡಿದ ಅಂತ ಯಾರಾದರೂ ಕೇಳಿದರೆ ಹೇಳುವುದು ಕಷ್ಟ. ಹಾಡಲು ಬಿಟ್ಟಿದ್ದೇ ಒಂದು ಪಲ್ಲವಿ, ಅರ್ಧ ಚರಣ. ಅದಕ್ಕೂ ಮೊದಲು ಅವನ ಮನೆ ತೋರಿಸಿದರು, ಮೇಲಿನ ತಗಡು ತೋರಿಸಿದರು, ತಗಡಿನಲ್ಲಿದ್ದ ತೂತನ್ನು ಹತ್ತಿರದಿಂದ ತೋರಿಸಿದರು, ಆಮೇಲೆ ಅವನ ಅವ್ವ ರೊಟ್ಟಿ ಬಡಿಯುವುದನ್ನು ನಿಧಾನವಾಗಿ ಓಡಿಸಿ ಹಿಂದೆ ಪಿಟೀಲು ಹಾಕಿದರು. ರೊಟ್ಟಿ ಬಡಿಯುವುದರಲ್ಲಿ ಅಂಥ ದುಃಖ ಏನಿದೆ? ನಾನು ದಿನಾ ಎರಡು ಹೊತ್ತು ಬಡಿಯುತ್ತೇನೆ, ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಪಿಟೀಲು ಬಾರಿಸಿಲ್ಲ.

ವೇದಿಕೆಗೆ ಬಂದ ಮೇಲೆ ‘ನಿಮ್ಮ ಕಡೆ ಭಾಷೆಯಲ್ಲಿ ಏನಾದ್ರೂ ಮಾತಾಡಿ’ ಅಂದರು. ಪಾಪ ಅವನು ‘ಎಲ್ಲಾರೂ ಆರಾಮ ಅದೀರೇನ್ರಿ’ ಅಂದ. ಅಷ್ಟಕ್ಕೇ ತೀರ್ಪುಗಾರರು ಕುರ್ಚಿಯಿಂದ ಬೀಳುವಷ್ಟು ನಕ್ಕರು. ಕ್ಷೇಮ ವಿಚಾರಿಸಿದರೆ ನಗುವ ಜನರನ್ನು ನಾನು ಮೊದಲ ಸಲ ನೋಡಿದ್ದು. ಮೈಸೂರಿನ ಹುಡುಗಿ ಬಂದಾಗ ‘ನಿಮ್ಮ ಕಡೆ ಭಾಷೆ ಮಾತಾಡಿ’ ಅನ್ನಲಿಲ್ಲ, ಅವಳ ಮನೆಯ ಅಡುಗೆಮನೆಗೂ ಕ್ಯಾಮೆರಾ ಹೋಗಲಿಲ್ಲ. ಅವಳು ಬಂದಳು, ಹಾಡಿದಳು, ಹೋದಳು. ನಮ್ಮ ಕಡೆಯವರು ಮಾತ್ರ ಮೊದಲು ಅಳಬೇಕು, ಆಮೇಲೆ ನಗಿಸಬೇಕು, ಟೈಮ್ ಉಳಿದರೆ ಹಾಡಬೇಕು.

ಕೇಳಿದ ಅರ್ಧ ಚರಣದಲ್ಲೇ ಒಂದು ಗೊತ್ತಾಯಿತು. ದನಿ ಚೆನ್ನಾಗಿದೆ, ಆದರೆ ತಾರ ಷಡ್ಜಕ್ಕೆ, ಅಂದರೆ ಮೇಲಿನ ‘ಸ’ಕ್ಕೆ ಹೋಗುವಾಗ ಸ್ವರ ಸ್ವಲ್ಪ ಕೆಳಗೇ ನಿಂತಿತು. ನಮ್ಮ ಅತ್ತೆಯವರು ಶಾಲೆಗೆ ಹೋದವರಲ್ಲ, ಬೀಸುವ ಪದ ಹಾಡಿಕೊಂಡೇ ಬೆಳೆದವರು. ಅವರಿಗೂ ಗೊತ್ತಾಯಿತು. ತೀರ್ಪುಗಾರರಿಗೆ ಗೊತ್ತಾಗಲಿಲ್ಲ! ಒಬ್ಬರು ಎದ್ದು ನಿಂತರು, ಒಬ್ಬರು ಕಣ್ಣು ಒರೆಸಿಕೊಂಡರು, ಇನ್ನೊಬ್ಬರು ‘ನಿಮ್ಮ ದನಿಯಲ್ಲಿ ಮಣ್ಣಿನ ವಾಸನೆ ಇದೆ’ ಅಂದರು. ಶ್ರುತಿ ಬಗ್ಗೆ ಒಂದು ಮಾತಿಲ್ಲ, ತಾಳದ ಬಗ್ಗೆ ಒಂದು ಮಾತಿಲ್ಲ. ‘ಅಂವಗ ಹಾಡಾಕ ಬಿಡ್ರಿ, ಅಳಸೂದು ಸಾಕು’ ಅಂತ ಅತ್ತೆಯವರು ಟಿವಿಗೇ ಬೈದರು.

ಹಿಂದೆ ಈಟಿವಿಯಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ‘ಎದೆ ತುಂಬಿ ಹಾಡುವೆನು’ ನಡೆಸುತ್ತಿದ್ದರು, ನೋಡಿದವರಿಗೆ ನೆನಪಿರುತ್ತದೆ. ಹಾಡು ಬರೆದವರು ಯಾರು, ರಾಗ ಹಾಕಿದವರು ಯಾರು ಅಂತ ಹೇಳುತ್ತಿದ್ದರು. ಸಣ್ಣ ಹುಡುಗ ಲಕಾರ ಳಕಾರ ತಪ್ಪಿದರೂ ತಿದ್ದುತ್ತಿದ್ದರು, ಆ ಸಾಲನ್ನು ತಾವೇ ಹಾಡಿ ತೋರಿಸುತ್ತಿದ್ದರು. ಮಗುವಿಗೆ ಬೇಜಾರೂ ಆಗುತ್ತಿರಲಿಲ್ಲ, ತಪ್ಪೂ ಉಳಿಯುತ್ತಿರಲಿಲ್ಲ. ನೋಡುತ್ತಾ ನೋಡುತ್ತಾ ನಮಗೂ ನಾಲ್ಕು ಅಕ್ಷರ ಸಂಗೀತ ಬರುತ್ತಿತ್ತು. ಅವರು 2020ರ ಸೆಪ್ಟೆಂಬರ್‌ನಲ್ಲಿ ಹೋದರು. ಈಗಿನವರು ತಿದ್ದುವುದೇ ಇಲ್ಲ, ಎಲ್ಲರೂ ‘ಅದ್ಭುತ’. ಎಲ್ಲರೂ ಅದ್ಭುತ ಆದ ಮೇಲೆ ಸ್ಪರ್ಧೆ ಯಾಕೆ?

ಇನ್ನು ಕರೆಂಟ್ ವಿಷಯ. ಹುಡುಗನ ಅರ್ಧ ಚರಣವಾದರೂ ಕೇಳಿಸಿತು, ಉಳಿದ ಸಂಚಿಕೆ ನುಂಗಿದ್ದು ಅದೇ. ಮನಗೂಳಿ ಅಗಸಿ ಕಡೆಯ ನಮ್ಮ ಓಣಿಯ ಕರೆಂಟ್ ಟಿಸಿ (ಟ್ರಾನ್ಸ್‌ಫಾರ್ಮರ್) ಬಗ್ಗೆ ನಿಮ್ಮ ಪತ್ರಿಕೆಯಲ್ಲೇ ಬಂದಿತ್ತು, ಅದನ್ನು ಬದಲಿಸುತ್ತೇವೆ ಅಂದವರು ವರ್ಗವಾಗಿ ಹೋದರು, ಟಿಸಿ ಮಾತ್ರ ಅಲ್ಲೇ ಇದೆ. ಈ ಕಾರ್ಯಕ್ರಮ ನೋಡಬೇಕು ಅಂತ ನಾನು ಸಂಜೆಯೇ ಅಡುಗೆ ಮುಗಿಸಿದ್ದೆ. ಮಗಳ ಹೋಂವರ್ಕ್ ಬೇಗ ಮುಗಿಸಿದ್ದೆ. ಬೀಗರು ಬರುತ್ತೇವೆ ಅಂದಿದ್ದಕ್ಕೆ ನಾಳೆ ಬನ್ನಿ ಅಂತ ಹೇಳಿ ಅವರ ಕಣ್ಣಿಗೂ ಕೆಟ್ಟವಳಾದೆ. ಸರಿಯಾಗಿ ಮುಂದಿನ ಹಾಡಿನ ನಡುವೆ ಪಟ್ ಅಂತ ಹೋಯಿತು. ಲೈನ್‌ಮನ್ ಫೋನ್ ಬಂದ್. ಆಫೀಸಿನ ಫೋನ್ ಯಾವಾಗಲೂ ಬಿಜಿ, ಬಹುಶಃ ಎತ್ತಿ ಪಕ್ಕಕ್ಕೆ ಇಟ್ಟಿರುತ್ತಾರೆ.

ಮೊಬೈಲ್‌ನಲ್ಲಿ ನೋಡೋಣ ಅಂದರೆ ಆ್ಯಪ್‌ಗೆ ಬೇರೆ ದುಡ್ಡು. ಓಟಿಪಿ ಹೋಗಿದ್ದು ಪುಣೆಯಲ್ಲಿರುವ ಮೈದುನನ ನಂಬರಿಗೆ, ಅವನು ಮಲಗಿದ್ದ. ಎಬ್ಬಿಸಿ, ಬೈಸಿಕೊಂಡು, ನಂಬರ್ ಹಾಕಿ ಒಳಗೆ ಹೋಗುವಷ್ಟರಲ್ಲಿ ಜಾಹೀರಾತು. ಹಾಲು ಕಾಯಿಸಿ, ಹೆಪ್ಪು ಹಾಕಿ, ಮೊಂಬತ್ತಿ ಬೆಳಕಲ್ಲಿ ಮುಸುರೆ ತಿಕ್ಕಿ ಬಂದರೂ ಅದೇ ಸೋಪು, ಅದೇ ಬಣ್ಣದ ಡಬ್ಬಿ. ಟಿವಿಯಲ್ಲಿ ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕಬಾರದು ಅಂತ ನಿಯಮ ಇದೆಯಲ್ಲ, ಅದನ್ನು ಗಡಿಯಾರ ಹಿಡಿದು ನೋಡುವವರು ಯಾರಾದರೂ ಇದ್ದಾರಾ? 2019ರಲ್ಲಿ ಟಿವಿ, ಫೋನಿಗೆ ನಿಯಮ ಮಾಡುವ ಟ್ರಾಯ್ ಹೊಸ ಪದ್ಧತಿ ತಂದಾಗ ‘ನೋಡುವ ಚಾನೆಲ್‌ಗೆ ಮಾತ್ರ ದುಡ್ಡು ಕೊಡಿ’ ಅಂದರು. ಖುಷಿಪಟ್ಟು ಕೇಬಲ್‌ನವನಿಗೆ ಇದೊಂದೇ ಚಾನೆಲ್ ಹಾಕಪ್ಪಾ ಅಂದೆ. ‘ಅಕ್ಕಾರ, ಅದು ಪ್ಯಾಕಿನ್ಯಾಗ ಬರತೈತ್ರಿ’ ಅಂದ. ಈಗ ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗದ ಭಾಷೆಯ ಅಡುಗೆ ಚಾನೆಲ್‌ಗೂ ದುಡ್ಡು ಕಟ್ಟುತ್ತಿದ್ದೇವೆ.

ಮರುಪ್ರಸಾರ ನೋಡೋಣ ಅಂದರೆ ಅದು ಮಧ್ಯಾಹ್ನ. ಅವತ್ತೇ ನಳ ಬಂತು. ನಮ್ಮ ಓಣಿಗೆ ನೀರು ಯಾವಾಗ ಬಿಡುತ್ತಾರೆ ಅಂತ ಬಿಡುವವರಿಗೂ ಗೊತ್ತಿರುವುದಿಲ್ಲ. ಕೊಡ ಬಿಟ್ಟು ಹಾಡು ಕೇಳಲು ಆಗುತ್ತಾ? 24 ಗಂಟೆ ನೀರು ಅಂತ ರಸ್ತೆ ಅಗೆದರು, ಪೈಪ್ ಹಾಕಿದರು, ರಸ್ತೆ ಮುಚ್ಚುವುದು ಮರೆತರು. ಹೋಗಲಿ, ಆ ವಿಷಯ ಬರೆದರೆ ನಿಮ್ಮ ಪುಟ ಸಾಲುವುದಿಲ್ಲ.

ನನಗೆ ಹೆಚ್ಚು ಸಿಟ್ಟು ತರಿಸಿದ್ದು ನೀವು ಹಾಕಿದ ಆ ಫೋಟೊ. ಹುಡುಗನಿಗೆ ಅಧಿಕಾರಿಗಳು ಶಾಲು ಹೊದಿಸುತ್ತಿರುವ ಫೋಟೊ. ಹುಡುಗ ಮೂಲೆಯಲ್ಲಿದ್ದಾನೆ, ನಡುವೆ ಅಧಿಕಾರಿಗಳು. ಅವನು ಟಿವಿಗೆ ಹೋಗುವ ತನಕ ಇವರು ಎಲ್ಲಿದ್ದರು? ಸರ್ಕಾರಿ ಶಾಲೆಯಲ್ಲಿ ಸಂಗೀತದ ಮಾಸ್ತರರು ಯಾಕಿಲ್ಲ ಅಂತ ಯಾರಾದರೂ ಕೇಳಿದ್ದಾರಾ? ನಮ್ಮ ಮಾವನವರ ಗೆಳೆಯರೊಬ್ಬರು ಜೀವನಪೂರ್ತಿ ಗೀಗೀ ಪದ ಹಾಡಿದವರು, ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದರೆ ‘ಹಾಡಿದ್ದಕ್ಕೆ ದಾಖಲೆ ತರ್ರಿ’ ಅಂದರಂತೆ. ರಾತ್ರಿಯಿಡೀ ಜಾತ್ರೆಯಲ್ಲಿ ಹಾಡಿದವನಿಗೆ ಯಾರು ರಸೀದಿ ಕೊಡುತ್ತಾರೆ?

ಹಾಡಿನ ಸ್ಪರ್ಧೆ ಅಂದರೆ ಏನು ಅಂತ ನಮ್ಮ ಸೀಮೆಗೆ ಯಾರೂ ಕಲಿಸಬೇಕಿಲ್ಲ. ಹರದೇಶಿ–ನಾಗೇಶಿ ಕೇಳಿದವರಿಗೆ ಗೊತ್ತು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಎರಡು ಮೇಳ ಎದುರುಬದುರು ನಿಂತು ಬೆಳಗಾಗುವ ತನಕ ಪದದಲ್ಲೇ ಸವಾಲು ಹಾಕಬೇಕು, ಪದದಲ್ಲೇ ಉತ್ತರ ಕೊಡಬೇಕು. ಅಲ್ಲಿ ಯಾರ ಮನೆಯ ತಗಡೂ ತೋರಿಸುವುದಿಲ್ಲ. ಉತ್ತರ ಬರದಿದ್ದರೆ ಎದುರು ಕುಳಿತ ಜನ ಸುಮ್ನೆ ಬಿಡುವುದಿಲ್ಲ. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ 1940ರ ದಶಕದಲ್ಲಿ ಮುಂಬೈ ಸಿನಿಮಾದಲ್ಲಿ ಹಾಡಿ ದೇಶವನ್ನೇ ಗೆದ್ದರು, ಕುಮಾರ ಗಂಧರ್ವರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ. ಅವರನ್ನು ನೆನೆಯುವಾಗ ಮನೆ ಎಷ್ಟು ಸಣ್ಣದಿತ್ತು ಅಂತ ಯಾರಾದರೂ ಕೇಳುತ್ತಾರಾ? ನಮ್ಮ ವಿಜಯಪುರದಲ್ಲೇ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹ ತಾನೇ ಪದ ಕಟ್ಟಿ, ಯಾವ ರಾಗದಲ್ಲಿ ಹಾಡಬೇಕು ಅಂತಲೂ ಬರೆದಿಟ್ಟ, ತೊರವಿ ಹತ್ತಿರ ನವರಸಪುರ ಅಂತ ಊರೇ ಕಟ್ಟಲು ಹೊರಟ. ನಮ್ಮವರಿಗೆ ಆ ಹೆಸರಿನ ಒಂದು ಉತ್ಸವವನ್ನು ವರ್ಷ ವರ್ಷ ನೆಟ್ಟಗೆ ನಡೆಸಲು ಆಗುವುದಿಲ್ಲ. ಕೇಳಿದರೆ ಒಂದು ವರ್ಷ ಬರ, ಒಂದು ವರ್ಷ ಚುನಾವಣೆ. ಶಾಲಿಗೆ ಮಾತ್ರ ಯಾವ ವರ್ಷವೂ ಬರ ಇಲ್ಲ.

ಆದ್ದರಿಂದ ವಾಹಿನಿಯವರು ಬರುವ ಶನಿವಾರದಿಂದ ಒಂದೊಂದು ಹಾಡನ್ನಾದರೂ ಪೂರ್ತಿ ಹಾಕಬೇಕು. ಆಗದಿದ್ದರೆ ಹಾಡಿನ ಸ್ಪರ್ಧೆ ಅನ್ನುವುದನ್ನು ತೆಗೆದು ಅಳುವ ಸ್ಪರ್ಧೆ ಅಂತ ಹೆಸರಿಡಲಿ, ನಾವು ನೋಡುವುದನ್ನೇ ಬಿಡುತ್ತೇವೆ. ನಮ್ಮ ಕಡೆ ಹುಡುಗರನ್ನು ಕರೆದರೆ ಮರ್ಯಾದೆಯಿಂದ ಕರೆಯಲಿ, ಇಲ್ಲವಾದರೆ ಕರೆಯುವುದೇ ಬೇಡ. ಬೇಡ ಅಂದರೂ ತಪ್ಪೇ, ಆ ಹುಡುಗ ಮುಂದೆ ಬರಬೇಕು. ಕರೆಂಟ್‌ನವರು ಶನಿವಾರ, ಭಾನುವಾರ ರಾತ್ರಿಯಾದರೂ ಕೈ ಕಟ್ಟಿಕೊಂಡು ಕೂರಲಿ. ಶಾಲು ಹೊದಿಸಿದ ಅಧಿಕಾರಿಗಳು ಒಂದು ಸಲ ನಮ್ಮ ಓಣಿಗೆ ಬಂದು ಟಿಸಿ ನೋಡಲಿ, ಬೇಕಾದರೆ ಅದಕ್ಕೂ ಒಂದು ಶಾಲು ಹೊದಿಸಲಿ. ಸಂಬಂಧಪಟ್ಟವರು ಏನಾದರೂ ಒಂದು ಮಾಡಬೇಕು. ಯಾರು ಸಂಬಂಧಪಟ್ಟವರು ಅಂತ ಕೇಳಬೇಡಿ, ನಾವು ಯಾವ ಆಫೀಸಿಗೆ ಹೋದರೂ ‘ಇದು ನಮಗೆ ಸಂಬಂಧ ಇಲ್ರಿ’ ಅಂತಲೇ ಹೇಳುತ್ತಾರೆ. ಎಲ್ಲರಿಗೂ ಸೇರಿಸಿ ನೀವೇ ಒಮ್ಮೆ ಬೈದು ಬರೆಯಿರಿ, ಫೋಟೊ ಹಾಕಬೇಡಿ.

– ಒಬ್ಬ ವೀಕ್ಷಕಿ, ಮನಗೂಳಿ ಅಗಸಿ, ವಿಜಯಪುರ