ಗಿಟಾರ್ ಹೋದ ಮೇಲೆ

ಪ್ರೀತಿಯ ಪುಟ್ಟಿ,

ಗಿಟಾರ್ ನುಡಿಸುತ್ತಿದ್ದ ಹುಡುಗ ಬಿಟ್ಟುಹೋದ, ಇನ್ನು ನಮ್ಮ ಬ್ಯಾಂಡ್ ಮುಗಿಯಿತು ಎಂದಷ್ಟೇ ಹೇಳಿ ನೀನು ನಿನ್ನೆ ಫೋನ್ ಇಟ್ಟುಬಿಟ್ಟೆ. ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಕುಳಿತು ಬ್ಲೂ ಚಿಯರ್ ಎಂಬ ಹಳೆಯ ರಾಕ್ ಬ್ಯಾಂಡಿನ ಹಾಡು ಕೇಳಿದೆ. ನೀನು ಚಿಕ್ಕವಳಿದ್ದಾಗ ನಾನು ಆ ಕ್ಯಾಸೆಟ್ ಹಾಕಿದರೆ ಅಮ್ಮ ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು, ನೆನಪಿದೆಯೇ?

ಸ್ಯಾನ್ ಫ್ರಾನ್ಸಿಸ್ಕೋದ ಹಿಪ್ಪಿಗಳ ಕಾಲದಲ್ಲಿ ಹುಟ್ಟಿದ ಬ್ಯಾಂಡ್ ಅದು. ಹೆಸರು ಬಂದದ್ದು ಎಲ್‌ಎಸ್‌ಡಿ ಎಂಬ ಮಾದಕವಸ್ತುವಿನ ಒಂದು ಬಗೆಯಿಂದ. ಅದು ನನಗೆ ಇಂದಿಗೂ ಹಿಡಿಸುವುದಿಲ್ಲ. ಆದರೆ ಆ ಸದ್ದು! ಲೀ ಸ್ಟೀಫನ್ಸ್ ಗಿಟಾರ್, ಪಾಲ್ ವೇಲಿ ಡ್ರಮ್ಸ್, ಡಿಕ್ಕಿ ಪೀಟರ್ಸನ್ ನಿನ್ನ ಹಾಗೆಯೇ ಬಾಸ್ ಗಿಟಾರ್ ನುಡಿಸುತ್ತ ಹಾಡುತ್ತಿದ್ದ. ಮೂವರೇ. ಎಡ್ಡಿ ಕಾಕ್ರನ್ 1958ರಲ್ಲಿ ಹಾಡಿದ್ದ ‘ಸಮ್ಮರ್‌ಟೈಮ್ ಬ್ಲೂಸ್’ ಅನ್ನು ಒಡೆದು ಮತ್ತೆ ಕಟ್ಟಿ, 1968ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ 14ನೆಯ ಸ್ಥಾನಕ್ಕೆ ಏರಿಸಿದರು. ಹೆವಿ ಮೆಟಲ್ ಎಂಬ ಅಬ್ಬರದ ರಾಕ್‌ಗೆ ಹೆಸರಾದ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಮೊದಲ ಆಲ್ಬಮ್ ಬರಲು ಆಗಿನ್ನೂ ಎರಡು ವರ್ಷವಿತ್ತು. 1968ರಲ್ಲೇ ಬಂದ ಬ್ಲೂ ಚಿಯರ್‌ನ ಎರಡನೆಯ ಆಲ್ಬಮ್ ಹೊತ್ತಿಗೆ ಅವರ ಅಬ್ಬರ ಸ್ಟುಡಿಯೋದ ನಾಲ್ಕು ಗೋಡೆಗೆ ಹಿಡಿಸದೆ, ಕೆಲವು ಭಾಗಗಳನ್ನು ನ್ಯೂಯಾರ್ಕಿನ ಹಡಗುಕಟ್ಟೆಯಂಥ ಬಯಲಿನಲ್ಲಿ ರೆಕಾರ್ಡ್ ಮಾಡಿದರು.

ಆ ವರ್ಷವೇ ಸ್ಟೀಫನ್ಸ್ ಹೊರಟುಹೋದ.

ಅವನ ಜಾಗಕ್ಕೆ ಬಂದ ರ‍್ಯಾಂಡಿ ಹೋಲ್ಡನ್ ಮೂರನೆಯ ಆಲ್ಬಮ್ ಮುಗಿಯುವ ಮೊದಲೇ ಬಿಟ್ಟ. ಆ ರೆಕಾರ್ಡಿನ ಒಂದು ಬದಿಯಲ್ಲಿ ಮಾತ್ರ ಅವನಿದ್ದಾನೆ; ಇನ್ನೊಂದು ಬದಿಗೆ ಬೇರೆಯವರು. ನಾಲ್ಕನೆಯದಕ್ಕೆ ವೇಲಿಯೂ ಇಲ್ಲ, ಮೊದಲಿನ ಮೂವರಲ್ಲಿ ಪೀಟರ್ಸನ್ ಒಬ್ಬನೇ. ಆಮೇಲಿನ ಆಲ್ಬಮ್‌ಗಳಲ್ಲಿ ಮೊದಲಿನ ಗುಡುಗಿಲ್ಲ, ನಾನು ಅವನ್ನು ಹೆಚ್ಚು ಕೇಳುವುದೂ ಇಲ್ಲ. ನಿನಗೆ ಸುಳ್ಳು ಸಮಾಧಾನ ಹೇಳಲಾರೆ. 1972ರ ಹೊತ್ತಿಗೆ ಬ್ಯಾಂಡ್ ನಿಂತೇ ಹೋಯಿತು. ಆದರೆ ಎಂಬತ್ತರ ದಶಕದಲ್ಲಿ ಪೀಟರ್ಸನ್ ಅದನ್ನು ಮತ್ತೆ ಎಬ್ಬಿಸಿದ, ವೇಲಿ ಮರಳಿ ಬಂದ. 2007ರಲ್ಲೂ ಒಂದು ಆಲ್ಬಮ್ ಬಂತು. 2009ರಲ್ಲಿ ಜರ್ಮನಿಯಲ್ಲಿ ತೀರಿಕೊಳ್ಳುವವರೆಗೆ ಪೀಟರ್ಸನ್ ಆ ಹೆಸರನ್ನು ಬಿಟ್ಟುಕೊಡಲಿಲ್ಲ. ಗಿಟಾರ್ ಹಿಡಿದವರು ಎಷ್ಟೋ ಮಂದಿ ಬಂದು ಹೋದರು. ಬಾಸ್ ಮಾತ್ರ ಅವನದೇ.

ಆಂಪ್ಲಿಫೈಯರ್ ಮಾರುತ್ತೇನೆ ಎಂದೆಯಲ್ಲ, ಒಂದು ತಿಂಗಳು ತಡೆ. ಹಿತ್ತಲ ಕಡೆಯ ಕೋಣೆಯನ್ನು ಇವತ್ತು ಖಾಲಿ ಮಾಡಿಸಿದೆ. ಶನಿವಾರ ಬಾ, ಡ್ರಮ್ಸ್ ನುಡಿಸುವ ನಿನ್ನ ಗೆಳತಿಯನ್ನೂ ಕರೆದುಕೊಂಡು ಬಾ. ಇಬ್ಬರೇ ನುಡಿಸಿ, ನಾನು ಕೇಳಬೇಕು.

ನಿನ್ನ
ಅಪ್ಪ