ಮುರಿದ ಮೂಗಿನ ಲೆಕ್ಕದ ಮೇಷ್ಟ್ರು

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣೀಲಿ ಹಳೇ ಹಾಲಿವುಡ್‌ನ ರೌಡಿ ಪಾತ್ರದೋರ ಬಗ್ಗೆ ಹಾಕಿದ್ರಲ್ಲ, ಓದಿ ಖುಷಿ ಆಯ್ತು, ಆದ್ರೆ ಲೂಯಿಸ್ ವೋಲ್‌ಹೈಮ್‌ಗೆ ಒಂದೇ ಸಾಲು, ಅದೂ 'ವಿಕಾರ ಮುಖದ ಖಳ' ಅಂತ ಬರೆದು ಕೈತೊಳ್ಕೊಂಡಿದ್ದು ಬೇಜಾರಾಯ್ತು.

ಆ ಮುಖ ಹುಟ್ಟಿನಿಂದ ಬಂದದ್ದಲ್ಲ ಸ್ವಾಮಿ. ಕಾರ್ನೆಲ್ ಯೂನಿವರ್ಸಿಟೀಲಿ ಓದುವಾಗ ಫುಟ್‌ಬಾಲ್ ಆಡಿ ಮೂಗು ಮುರ್ಕೊಂಡಿದ್ದು (ಅಮೆರಿಕದೋರ ಫುಟ್‌ಬಾಲು, ಚೆಂಡಿಗಿಂತ ಮೈಗೇ ಏಟು ಜಾಸ್ತಿ). ಆಮೇಲೆ ಲೆಕ್ಕದ ಮೇಷ್ಟ್ರಾಗಿದ್ದ ಇವ್ರು ನಟ ಲಯೊನೆಲ್ ಬ್ಯಾರಿಮೋರ್ ಕಣ್ಣಿಗೆ ಬಿದ್ದು ನಟನೆಗೆ ಬಂದ್ರು. 1922ರಲ್ಲಿ ಯುಜೀನ್ ಓನೀಲ್ ಅವರ 'ದಿ ಹೇರಿ ಏಪ್' ನಾಟಕದಲ್ಲಿ ಹಡಗಿನ ಕುಲುಮೆಗೆ ಕಲ್ಲಿದ್ದಲು ಎಸೆಯೋ ಯಾಂಕ್ ಪಾತ್ರ ಮಾಡಿ ಹೆಸರಾದ್ರು. ಸಿನಿಮಾದಲ್ಲಂತೂ ಸಿಕ್ಕಿದ್ದೆಲ್ಲ ಒರಟರ ಪಾತ್ರಾನೇ, 1928ರ 'ದಿ ರ್‍ಯಾಕೆಟ್'ನಲ್ಲಿ ಗ್ಯಾಂಗ್‌ಸ್ಟರ್, ಅದು ಮೊದಲನೇ ಆಸ್ಕರ್‌ನಲ್ಲಿ ನಾಮಿನೇಟ್ ಆದ ಪಿಕ್ಚರ್ರು.

ತಮಾಷೆ ಏನಪ್ಪಾ ಅಂದ್ರೆ, ಬೇರೆ ಥರದ ಪಾತ್ರ ಸಿಗ್ಲಿ ಅಂತ ಮೂಗು ಸರಿಮಾಡಿಸ್ಕೊಳ್ಳೋಕೆ ಇವ್ರು ಹೊರಟಾಗ ಯುನೈಟೆಡ್ ಆರ್ಟಿಸ್ಟ್ಸ್ ಅನ್ನೋ ಸಿನಿಮಾ ಕಂಪನಿಯೋರು ಕೋರ್ಟಿಂದ ತಡೆ ತಂದ್ರು. ಅವ್ರ ಮೂಗು, ಅವ್ರಿಗೇ ಹಕ್ಕಿಲ್ಲ!

ಈಗ ಅಸಲು ವಿಷ್ಯ. 1930ರ 'ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್' ಅನ್ನೋ ಮೊದಲ ಮಹಾಯುದ್ಧದ ಸಿನಿಮಾದಲ್ಲಿ ಇವ್ರು ಕ್ಯಾಟ್ ಅನ್ನೋ ಹಳೇ ಸೈನಿಕ. ಸ್ಕೂಲಿಂದ ಸೀದಾ ಯುದ್ಧಕ್ಕೆ ಬಂದ ಹುಡುಗ್ರು ಹಸ್ಕೊಂಡು ಕೂತಿದ್ರೆ ಎಲ್ಲಿಂದ್ಲೋ ಹಂದಿ ಹೊತ್ಕೊಂಡು ಬರ್ತಾನೆ. ಮೊದಲ ಶೆಲ್ ಬಿದ್ದಾಗ ಒಬ್ಬ ಹುಡುಗ ಭಯಕ್ಕೆ ಬಟ್ಟೇಲೇ ಮಾಡ್ಕೊಂಡುಬಿಡ್ತಾನೆ, ಯಾರಾದ್ರೂ ನಗ್ತಾರೇನೋ ಅಂತ ನಾವು ನೋಡ್ತಿದ್ರೆ ಈ ಕ್ಯಾಟ್, ನನಗೂ ಹಿಂಗಾಗಿತ್ತು ಬಿಡೋ ಅನ್ನೋ ಥರ ಸಮಾಧಾನ ಮಾಡ್ತಾನೆ. ಆ ದಪ್ಪ ಕತ್ತು, ಚಪ್ಪಟೆ ಮೂಗು ಎಲ್ಲ ಅಲ್ಲೇ ಇದೆ, ಆದ್ರೆ ನೋಡ್ತಾ ನೋಡ್ತಾ ಅದು ತಾಯಿ ಮುಖ ಆಗಿಬಿಡುತ್ತೆ. ಕೊನೇಗೆ ಗಾಯಗೊಂಡ ಕ್ಯಾಟ್‌ನ ಆ ಹುಡುಗ್ರಲ್ಲೊಬ್ಬ, ಪಾಲ್ ಅನ್ನೋನು, ಹೆಗಲ ಮೇಲೆ ಹೊತ್ಕೊಂಡು ಹೋಗ್ತಾ ಮಾತಾಡ್ತಾನೇ ಇರ್ತಾನೆ, ಹೆಗಲ ಮೇಲಿರೋನು ಆಗ್ಲೇ ಸತ್ತಿರೋದು ಅವನಿಗೆ ಗೊತ್ತೇ ಇಲ್ಲ. ನಾನು ಎಷ್ಟು ಸಲ ನೋಡಿದ್ರೂ ಆ ಸೀನಿಗೆ ಎದ್ದು ನೀರು ಕುಡಿಯೋಕೆ ಹೋಗ್ತೀನಿ.

ಅದರ ಡೈರೆಕ್ಟರ್ ಲೂಯಿಸ್ ಮೈಲ್‌ಸ್ಟೋನ್ ಮುಂದಿನ ಸಿನಿಮಾ 'ದಿ ಫ್ರಂಟ್ ಪೇಜ್'ಗೂ ಇವ್ರನ್ನೇ ಹಾಕ್ಕೊಂಡಿದ್ರು. ಅಷ್ಟರಲ್ಲಿ ಹೊಟ್ಟೆ ಕ್ಯಾನ್ಸರ್ ಆಗಿ 1931ರ ಫೆಬ್ರವರೀಲಿ, ಬರೀ 50 ವರ್ಷಕ್ಕೆ ತೀರ್ಕೊಂಡ್ರು. ಆ ಪಾತ್ರ ಅಡಾಲ್ಫ್ ಮೆಂಜುಗೆ ಹೋಗಿ ಅವ್ರಿಗೆ ಆಸ್ಕರ್ ನಾಮಿನೇಶನ್ನೂ ಬಂತು. ಯಾವ ಪಾತ್ರ ಗೊತ್ತಾ ಸಾರ್? ನಿಮ್ದೇ, ಪೇಪರಿನ ಎಡಿಟರ್ದು.

ಇಂತಿ,
ನಿಮ್ಮ ಹಳೇ ಓದುಗ